ಸತ್ಯಾಂಶ: ಹೆಸರು ಕೊಟ್ಟರೆ ಸಾಕು, ಎಫ್‌ಎ ಕಪ್ ಆಡಬಹುದಾ?

"ಇಂಗ್ಲೆಂಡಿನ ಎಫ್‌ಎ ಕಪ್ ಫುಟ್‌ಬಾಲ್ ಟೂರ್ನಿ ಎಲ್ಲರಿಗೂ ಮುಕ್ತ. ಹೆಸರು ಕೊಟ್ಟರೆ ಮಡಿಕೇರಿ ತಂಡವೂ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಆಡಬಹುದು." ಈ ಫಾರ್ವರ್ಡ್ ಓದಿ ನಮ್ಮ ಹುಡುಗರ ಕಣ್ಣು ಅರಳಿದ್ದು ಸಹಜ. ಆದರೆ ಇದು ನಿಜವಲ್ಲ.

ನಮ್ಮ ಕೊಡವ ಕುಟುಂಬ ಹಾಕಿಯನ್ನೇ ನೋಡಿ. 1997ರಲ್ಲಿ ಕರಡದಲ್ಲಿ 60 ತಂಡಗಳಿಂದ ಶುರುವಾಗಿ, 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳಿಗೆ ಬೆಳೆಯಿತು. ದೊಡ್ಡ ಕುಟುಂಬ, ಚಿಕ್ಕ ಕುಟುಂಬ ಎಂಬ ಭೇದವಿಲ್ಲ. ಹಾಗಂತ ಯಾವುದೋ ಕ್ಲಬ್ ಬಂದು ಆಡೋಕಾಗಲ್ಲ, ಅಲ್ವಾ? ಎಫ್‌ಎ ಕಪ್‌ನ 'ಎಲ್ಲರಿಗೂ' ಅನ್ನೋದೂ ಹೀಗೆಯೇ. ಅದು ಇಂಗ್ಲೆಂಡಿನ ಲೀಗ್ ಮೆಟ್ಟಿಲುಗಳಲ್ಲಿ, ಅಂದರೆ ಒಂದರ ಕೆಳಗೊಂದು ಹಂತವಾಗಿರುವ ಲೀಗ್‌ಗಳಲ್ಲಿ, ಆಡುವ ಕ್ಲಬ್‌ಗಳಿಗೆ ಮಾತ್ರ. ಆ ಲೀಗ್‌ಗಳಲ್ಲೇ ಆಡುವ ಕೆಲವು ವೇಲ್ಸ್ ಕ್ಲಬ್‌ಗಳೂ ಇವೆ. ಅವುಗಳಲ್ಲೊಂದಾದ ಕಾರ್ಡಿಫ್ ಸಿಟಿ 1927ರಲ್ಲಿ ಕಪ್ ಗೆದ್ದಿತ್ತು. ತೀರಾ ಕೆಳಗಿನ ಹಂತದವರಿಗೆ ಪ್ರವೇಶವಿಲ್ಲ. ಮೈದಾನಕ್ಕೂ ನಿಯಮಗಳಿವೆ.

ಇನ್ನೊಂದು ವಿಷಯ. ಸಣ್ಣ ತಂಡಕ್ಕೆ ಮೊದಲ ದಿನವೇ ದೊಡ್ಡ ಎದುರಾಳಿ ಸಿಗುವುದಿಲ್ಲ. ಅರ್ಹತಾ ಸುತ್ತುಗಳು ಆಗಸ್ಟ್‌ನಲ್ಲೇ ಶುರು. ಎಲ್ಲಕ್ಕಿಂತ ಮೇಲಿನ ಹಂತವಾದ ಪ್ರೀಮಿಯರ್ ಲೀಗ್‌ನ ತಂಡಗಳು ಬರುವುದು ಮೂರನೇ ಸುತ್ತಿಗೆ, ಸಾಮಾನ್ಯವಾಗಿ ಜನವರಿಯಲ್ಲಿ. ಸೋತವರು ಮನೆಗೆ.

ಆದರೂ ಫಾರ್ವರ್ಡ್‌ನ ಕನಸು ಪೂರ್ತಿ ಸುಳ್ಳಲ್ಲ, ನನಗೆ ಇಷ್ಟವಾಗೋದೂ ಅದೇ. 2021ರ ಜನವರಿಯಲ್ಲಿ ಎಂಟನೇ ಹಂತದ ಮರೀನ್ ಕ್ಲಬ್ ತನ್ನ ಪುಟ್ಟ ಮೈದಾನದಲ್ಲಿ ಪ್ರೀಮಿಯರ್ ಲೀಗ್‌ನ ಟಾಟನ್‌ಹ್ಯಾಮ್ ವಿರುದ್ಧ ಆಡಿತು. ಕೋವಿಡ್‌ನಿಂದಾಗಿ ಒಳಗೆ ಪ್ರೇಕ್ಷಕರಿರಲಿಲ್ಲ. ಅಕ್ಕಪಕ್ಕದವರು ತಮ್ಮ ಮನೆ ಹಿತ್ತಲಲ್ಲೇ ನಿಂತು ನೋಡಿದರು. ಮರೀನ್ 5–0ಯಿಂದ ಸೋತಿತು.