ತಲೆ ಎತ್ತುವ ಹಾಗಿಲ್ಲ

ನಮ್ಮ ಮನೆಯ ಮರದ ನೆಲಕ್ಕೂ ಕೆಳಗಿನ ಮಣ್ಣಿಗೂ ನಡುವೆ ಎರಡಡಿ ಖಾಲಿ ಜಾಗವಿದೆ. ಕ್ರಾಲ್ ಸ್ಪೇಸ್ ಅಂತಾರೆ. ಅಂಬೆಗಾಲಿಟ್ಟೇ ಹೋಗಬೇಕು. ನಾನು ಆ ವಿದ್ಯೆ ಬಿಟ್ಟು ನಲವತ್ತೈದು ವರ್ಷವಾಗಿತ್ತು.

ಮೊದಲು ಬಂದದ್ದು ವಾಸನೆ. ಒದ್ದೆ ಗೋಣಿಚೀಲದ್ದು. ಹೆಂಡತಿ ನನ್ನ ಸಾಕ್ಸ್ ಮೇಲೆ ಅನುಮಾನಪಟ್ಟು ಹೊರಗಿಟ್ಟಳು. ವಾಸನೆ ಮಾತ್ರ ಒಳಗೇ ಉಳಿಯಿತು.

ಟಾರ್ಚ್ ಹಿಡಿದು ನುಗ್ಗಿದೆ. ತೊಲೆಗಳ ತುಂಬ ನೀರಹನಿ. "ಗಾಳಿ ಆಡಿದ್ರೆ ಒಣಗುತ್ತೆ ಬಿಡು" ಎಂದು ಅಡಿಪಾಯದ ಕಿಂಡಿಗಳನ್ನೆಲ್ಲ ತೆರೆದೆ. ಸಾಲದ್ದಕ್ಕೆ ಫ್ಯಾನೂ ಇಟ್ಟೆ. ವಾರ ಬಿಟ್ಟು ನೋಡಿದರೆ ಹನಿಗಳು ಸಂಸಾರ ಬೆಳೆಸಿದ್ದವು! ಹೊರಗೆ ಸೆಕೆ, ಕೆಳಗೆ ತಂಪು. ತಣ್ಣೀರಿನ ಲೋಟ ಹೊರಗಡೆ ಬೆವರುತ್ತದಲ್ಲ, ತೊಲೆಗಳೂ ಹಾಗೇ ಬೆವರಿದ್ದವು. ಕರೆಂಟ್ ಸುಟ್ಟು ತೇವವನ್ನು ನಾನೇ ಕರೆದು ಕೂರಿಸಿದ್ದೆ.

ಕಿಂಡಿ ಮುಚ್ಚಿದೆ. ತೇವ ಹೀರುವ ಯಂತ್ರ ತಂದೆ. ಇನ್ನು ನೆಲದ ತೇವ ಮೇಲೇಳದಂತೆ ಮಣ್ಣಿನ ಮೇಲೆ ಪ್ಲಾಸ್ಟಿಕ್ ಹಾಸುವ ಕೆಲಸ. ಹಾಳೆ ಕಡಿಮೆಯೆಂದರೂ 0.15 ಮಿಲಿಮೀಟರ್ ದಪ್ಪ ಇರಬೇಕು. ನಾನು ಮೊದಲು ತಂದ ತೆಳು ಹಾಳೆ ಮೊಣಕಾಲಿಗೇ ಹರಿದುಹೋಯಿತು. ಅಂಚುಗಳು 30 ಸೆಂ.ಮೀ. ಒಂದರ ಮೇಲೊಂದು ಬರಬೇಕು, ಮೇಲೆ ಟೇಪ್. ಆ ಟೇಪ್ ಹಾಳೆಯೊಂದನ್ನು ಬಿಟ್ಟು ನನ್ನ ಅಂಗಿ, ಮೊಣಕೈ, ಕೂದಲು ಎಲ್ಲಕ್ಕೂ ಚೆನ್ನಾಗಿ ಅಂಟಿತು.

ಮೇಲಿಂದ ದನಿ ಬಂತು. "ರೀ, ಎಲ್ಲಿದ್ದೀರಾ?"

"ನಿನ್ನ ಕಾಲ ಕೆಳಗೆ!"

"ಅದು ಗೊತ್ತು. ಅಡುಗೆಮನೆ ಕೆಳಗೋ, ಹಾಲ್ ಕೆಳಗೋ?"

ಉತ್ತರ ಕೊಡಲು ತಲೆ ಎತ್ತಿದೆ. ತೊಲೆ ತಾಗಿತು. ಆ ಸದ್ದಿನಲ್ಲೇ ಅವಳಿಗೆ ಜಾಗ ಗೊತ್ತಾಯಿತು.

ಇಷ್ಟಾದರೂ ಗಾಳಿಯ ತೇವ ಅಳೆಯುವ ಮೀಟರ್ ಶೇಕಡಾ 72ರಿಂದ ಇಳಿಯಲಿಲ್ಲ. 60 ದಾಟಿದರೆ ಬೂಸಲಿಗೆ ಹಬ್ಬ. ಅಷ್ಟರಲ್ಲಿ ಜೋರು ಮಳೆ. ಹೆಂಡತಿ ಕೊಡೆ ಹಿಡಿದು ಮನೆ ಸುತ್ತ ಒಂದು ಸುತ್ತು ಬಂದಳು. "ರೀ, ಸೂರಿನ ಪೈಪಿನ ನೀರೆಲ್ಲ ಗೋಡೆ ಬುಡಕ್ಕೇ ಬೀಳ್ತಿದೆಯಲ್ಲ, ನೋಡಿದ್ರಾ?"

ನೋಡಿರಲಿಲ್ಲ. ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಅದೇ ಆಗಿತ್ತು. ಪೈಪನ್ನು ಎರಡು ಮೀಟರ್ ಆಚೆಗೆ ಉದ್ದ ಮಾಡಿದೆ. ಗೋಡೆಯಿಂದ ಮೂರು ಮೀಟರ್ ದೂರಕ್ಕೆ 15 ಸೆಂ.ಮೀ. ಇಳಿಜಾರು ಬರುವಂತೆ ಮಣ್ಣು ಹಾಕಿಸಿದೆ. ಈ ಕೆಲಸವನ್ನು ನಿಂತೇ ಮಾಡಬಹುದು ಅನ್ನೋದು ಇನ್ನೊಂದು ಸಂಕಟ.

ಈಗ ಮೀಟರ್ 54. ವಾಸನೆ ಹೋಗಿದೆ. ಸಾಕ್ಸ್ ಮಾತ್ರ ಇನ್ನೂ ಹೊರಗೇ ಇದೆ.