ಬಳಿಯದ ಬಣ್ಣದ ದುಡ್ಡು

ತಂಗಿ ಮಗಳ ಬಾಡಿಗೆ ಮನೆ ಖಾಲಿ ಮಾಡಿಸಿ ಈಗಷ್ಟೇ ಬಂದೆ. ಸಿಟ್ಟು ಇಳಿಯುವ ಮುಂಚೆ ಬರೆದುಬಿಡುತ್ತೇನೆ. ಇಳಿದ ಮೇಲೆ ನಾನೂ ‘ಹೋಗಲಿ ಬಿಡಿ, ಎಲ್ಲ ಕಡೆ ಇದೇ’ ಅನ್ನುವವರ ಗುಂಪಿಗೆ ಸೇರಿಬಿಡುತ್ತೇನೆ.

ಬೆಂಗಳೂರಿನ ಮಹಾಲಕ್ಷ್ಮಿ ಲೇಔಟಿನಲ್ಲಿ ಸಿಂಗಲ್ ಬೆಡ್‌ರೂಮ್ ಮನೆ. ಬಾಡಿಗೆ 18,000, ಅಡ್ವಾನ್ಸ್ 1 ಲಕ್ಷ. ಎರಡು ವರ್ಷ ಇದ್ದಳು, ಒಂದು ತಿಂಗಳೂ ಬಾಡಿಗೆ ತಡ ಮಾಡಿಲ್ಲ. ಲೆಕ್ಕ ಚುಕ್ತಾ ಮಾಡುವ ದಿನ ‘ದೊಡ್ಡಮ್ಮ, ನೀನೂ ಬಾ’ ಅಂತ ಕರೆದಳು. ಯಾಕೆ ಕರೆದಳು ಅಂತ ಬಿಡಿಸಿ ಹೇಳಬೇಕಿಲ್ಲ. ನನ್ನ ಬಾಯಿ ಎಂಥದ್ದು ಅಂತ ನಿಮಗೆಲ್ಲ ಗೊತ್ತು.

ಓನರ್ ಹಗಲು ಹೊತ್ತಿನಲ್ಲೇ ಮೊಬೈಲ್ ಟಾರ್ಚ್ ಹಾಕಿಕೊಂಡು ಬಂದರು. ಸಿಂಕ್ ಕೆಳಗೆ ಬಗ್ಗಿದರು. ಸ್ವಿಚ್‌ಬೋರ್ಡ್ ಸುತ್ತ ಬೆಳಕು ಬಿಟ್ಟರು. ಒಲೆ ಹಿಂದಿನ ಟೈಲ್ಸ್ ಮೇಲೆ ಬೆರಳು ಎಳೆದು, ಆ ಬೆರಳನ್ನು ಕಿಟಕಿ ಹತ್ತಿರ ಹಿಡಿದು ನೋಡಿದರು. ಏನೂ ಸಿಗಲಿಲ್ಲ. ಎಲ್ಲಿಂದ ಸಿಗಬೇಕು? ಹಿಂದಿನ ದಿನ ಇವಳೂ ಕೆಲಸದವರೂ ಸೇರಿ ಉಜ್ಜಿ ಉಜ್ಜಿ ತೊಳೆದಿದ್ದರು. ಆದರೂ ಜೇಬಿನಿಂದ ಹಳೇ ಕರೆಂಟ್ ಬಿಲ್ ಆಚೆ ಬಂತು. ಅದರ ಹಿಂದುಗಡೆ ಮೊದಲೇ ಬರೆದಿಟ್ಟ ಲೆಕ್ಕ: ಪೇಂಟಿಂಗ್ 18,000. ಕ್ಲೀನಿಂಗ್ 4,000. ಮೊಳೆ 1,500.

ಮೊಳೆ! ಗಣಪತಿ ಫೋಟೋಗೆ ಒಂದು, ಕ್ಯಾಲೆಂಡರ್‌ಗೆ ಒಂದು. ಮಿಕ್ಕಿದ್ದೆಲ್ಲ ಇವಳು ಬರುವ ಮುಂಚೆಯೇ ಗೋಡೆಯಲ್ಲಿದ್ದವು.

ಕೇಳಿ, ಅಸಲಿ ಮಜಾ ಇನ್ನೂ ಇದೆ. ನಾವು ಅಲ್ಲೇ ಇದ್ದಾಗಲೇ ಟು ಲೆಟ್ ಬೋರ್ಡ್ ನೋಡಿಕೊಂಡು ಗಂಡ ಹೆಂಡತಿ ಇಬ್ಬರು ಬಂದರು. ಓನರ್ ಮುಖ ಅರಳಿತು. ‘ನೋಡಿ, ಮನೆ ಎಷ್ಟು ನೀಟಾಗಿದೆ! ಭಾನುವಾರನೇ ಬಂದು ಹಾಲು ಉಕ್ಕಿಸಿ’ ಅಂದರು. ಇವತ್ತು ಶುಕ್ರವಾರ. ನಾನು ಸುಮ್ನೆ ಇರಲಾರದೆ ಕೇಳಿದೆ: ‘ಹಾಗಾದ್ರೆ ಪೇಂಟರ್ ಯಾವಾಗ ಬರ್ತಾನೆ ಸಾರ್?’

‘ಅದೆಲ್ಲ ನಮ್ಮ ತಲೆನೋವು ಮೇಡಂ.’

ನಿಮ್ಮ ತಲೆನೋವಿಗೆ ಮಾತ್ರೆ ದುಡ್ಡು ನಮ್ಮ ಹುಡುಗಿ ಯಾಕೆ ಕೊಡಬೇಕು?

ನನ್ನ ತಕರಾರು ಇಷ್ಟೇ. ಬಣ್ಣ ಹೊಡೆಸಿ, ಪೇಂಟರ್ ಬಿಲ್ ತೋರಿಸಿ ದುಡ್ಡು ಕೇಳಿದ್ದರೆ ಒಂದು ಮಾತು. ಈ ಊರಲ್ಲಿ ಬಣ್ಣ ಹೊಡೆಸಲಿ ಬಿಡಲಿ, ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಶಾಸ್ತ್ರ ಆಗಿಹೋಗಿದೆ. ಇವಳಿಗಿಂತ ಮುಂಚೆ ಇದ್ದವರೂ ಕೊಟ್ಟಿರುತ್ತಾರೆ. ಭಾನುವಾರ ಬರುವವರೂ ಕೊಡುತ್ತಾರೆ. ಗೋಡೆ ಮಾತ್ರ ಅದೇ ಗೋಡೆ.

ಎರಡು ವರ್ಷ ಜನ ಬದುಕಿದ ಮೇಲೆ ಗೋಡೆ ಸ್ವಲ್ಪ ಮಾಸುತ್ತದೆ. ಒಗ್ಗರಣೆ ಹಾಕಿದರೆ ಜಿಡ್ಡು ಕೂರುತ್ತದೆ. ಬಾಡಿಗೆ ಅಂತ ತಿಂಗಳು ತಿಂಗಳು ಕೊಡುವುದು ಅದಕ್ಕೇ ಅಲ್ವಾ? ಇದು ನನ್ನ ತಲೆಯಿಂದ ಬಂದ ಮಾತಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ಮನೆಯನ್ನು ಇದ್ದ ಹಾಗೇ ವಾಪಸ್ ಕೊಡಬೇಕು, ಆದರೆ ಸಹಜವಾಗಿ ಬಳಸಿದ್ದರಿಂದ ಆದ ಸವೆತಕ್ಕೆ ಬಾಡಿಗೆದಾರ ಹೊಣೆ ಅಲ್ಲ. ಬ್ರಿಟಿಷರ ಕಾಲದವರಿಗೆ ಹೊಳೆದದ್ದು ಮಹಾಲಕ್ಷ್ಮಿ ಲೇಔಟಿಗೆ ಇನ್ನೂ ತಲುಪಿಲ್ಲ.

2021ರಲ್ಲಿ ಕೇಂದ್ರ ಸರ್ಕಾರ ಮಾದರಿ ಬಾಡಿಗೆ ಕಾಯ್ದೆ ಅಂತ ಒಂದು ಒಪ್ಪಿತು. ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು ಅಂತ ಅದರಲ್ಲಿದೆ. ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ, ಎರಡನ್ನೂ ಮಾಲೀಕರ ಪಾಲಿಗೆ ಬರೆದಿದ್ದಾರೆ. ನಲ್ಲಿ ವಾಷರ್, ಸ್ವಿಚ್ಚು, ಬಾಗಿಲ ಬೀಗ ಇಂಥವು ಬಾಡಿಗೆದಾರರ ಪಾಲಿಗೆ. ಎಷ್ಟು ನ್ಯಾಯವಾಗಿದೆ ನೋಡಿ. ಆದರೆ ಹೆಸರೇ ಹೇಳುವ ಹಾಗೆ ಅದು ಮಾದರಿ. ರಾಜ್ಯದವರು ಕಾನೂನು ಮಾಡಿಕೊಂಡರೆ ಮಾತ್ರ ಲೆಕ್ಕಕ್ಕೆ. ನಮ್ಮಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಐದಾರಕ್ಕೆ ಇಳಿದರೆ ಅದೇ ದೊಡ್ಡ ಉಪಕಾರ.

ಆ ಒಂದು ಲಕ್ಷ ಬ್ಯಾಂಕಿನಲ್ಲಿ ಇದ್ದಿದ್ದರೆ? 6% ಬಡ್ಡಿ ಅಂದರೂ ಎರಡು ವರ್ಷಕ್ಕೆ 12,000. ಅದು ಓನರ್‌ಗೆ. ಪೇಂಟಿಂಗ್ ದುಡ್ಡೂ ಓನರ್‌ಗೆ. ಥ್ಯಾಂಕ್ಸ್ ಮಾತ್ರ ನಾವೇ ಹೇಳಿ ಬರಬೇಕು.

‘ಪೇಂಟಿಂಗ್ ದುಡ್ಡು ಮುರಿದುಕೊಳ್ಳಬಹುದು ಅಂತಿರುವ ಅಗ್ರಿಮೆಂಟಿಗೆ ಸೈನ್ ಹಾಕಿದ್ದಾರಲ್ಲ’ ಅನ್ನುತ್ತೀರಿ. ಹಾಕಿದ್ದಾಳೆ. 11 ತಿಂಗಳ ಆ ಅಗ್ರಿಮೆಂಟನ್ನು ಸ್ಟ್ಯಾಂಪ್ ಪೇಪರಿನವನು ಹೆಸರು ಬದಲಾಯಿಸಿ ಎಲ್ಲರಿಗೂ ಅದನ್ನೇ ಪ್ರಿಂಟ್ ಹೊಡೆದು ಕೊಡುತ್ತಾನೆ. ಮನೆಗೆ ಬರುವ ದಿನ ಸಾಮಾನೆಲ್ಲ ಟೆಂಪೋದಲ್ಲಿ ತುಂಬಿ ಗೇಟಿನ ಮುಂದೆ ನಿಂತ ಹುಡುಗಿ, ‘ಈ ಸಾಲು ಹೊಡೆದುಹಾಕಿ ಅಂಕಲ್’ ಅನ್ನೋಕಾಗುತ್ತಾ?

ಬಾಡಿಗೆದಾರರಲ್ಲೂ ಮನೆ ಹಾಳು ಮಾಡುವವರಿದ್ದಾರೆ, ಒಪ್ಪುತ್ತೇನೆ. ನಲ್ಲಿ ಕಿತ್ತುಕೊಂಡು ಹೋಗುವವರು, ಬಾಗಿಲು ಮುರಿಯುವವರು, ಬಾಡಿಗೆ ಬಾಕಿ ಇಟ್ಟು ರಾತ್ರೋರಾತ್ರಿ ಓಡಿಹೋಗುವವರು. ಅಂಥವರ ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳಿ, ಬೇಡ ಅಂದವರು ಯಾರು? ಅವರು ಮುರಿದ ಬಾಗಿಲಿನ ದುಡ್ಡನ್ನು ಮನೆ ತೊಳೆದು ಕೊಟ್ಟವರ ಹತ್ತಿರ ವಸೂಲಿ ಮಾಡಬೇಡಿ.

‘ನೀವೂ ಓನರ್ರೇ ಅಲ್ವಾ’ ಅಂತ ಯಾರಾದರೂ ಕೊಂಕು ತೆಗೆಯುವ ಮುಂಚೆ ಹೇಳಿಬಿಡುತ್ತೇನೆ. ಹೌದು, ತುಮಕೂರಿನಲ್ಲಿ ಅಮ್ಮನ ಮನೆ ಮಹಡಿ ಬಾಡಿಗೆಗಿದೆ. ಒಂದು ಸಂಸಾರ ಖಾಲಿ ಮಾಡಿದ ಮೇಲೆ ಅಮ್ಮ ಬಾಡಿಗೆ ದುಡ್ಡಲ್ಲೇ ಒಂದು ಕೋಟ್ ಬಣ್ಣ ಹೊಡೆಸುತ್ತಾಳೆ. ‘ನಮ್ಮ ಗೋಡೆ ತಾನೇ?’ ಅನ್ನುತ್ತಾಳೆ. ಅಮ್ಮನಿಗೆ 108ನೇ ಸೆಕ್ಷನ್ ಗೊತ್ತಿಲ್ಲ.

ಇಂಗ್ಲೆಂಡಿನಲ್ಲಿರುವ ನಮ್ಮ ಅತ್ತಿಗೆಯ ತಮ್ಮ ಹೇಳುತ್ತಿದ್ದ. ಅಲ್ಲಿ ಮಾಮೂಲಿ ಬಾಡಿಗೆ ಮನೆಗಳಿಗೆ ಡೆಪಾಸಿಟ್ ಐದು ವಾರದ ಬಾಡಿಗೆ ದಾಟುವ ಹಾಗಿಲ್ಲ. ಓನರ್ ಅದನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ಸ್ಕೀಮಿಗೆ ಸೇರಿಸಬೇಕು. ಜಗಳ ಬಂದರೆ ಮಧ್ಯದಲ್ಲಿ ಒಬ್ಬರು ಫೋಟೋ, ಬಿಲ್ ನೋಡಿ ತೀರ್ಮಾನ ಹೇಳುತ್ತಾರೆ. ನಮ್ಮಲ್ಲಿ ಆರೋಪ ಮಾಡುವವರೂ ಅವರೇ, ಜಡ್ಜೂ ಅವರೇ, ಕ್ಯಾಷಿಯರೂ ಅವರೇ.

ಕೊನೆಗೆ ಏನಾಯ್ತು ಅಂತೀರಾ? ಅರ್ಧ ಗಂಟೆ ನನ್ನ ಬಾಯಿ ಕೆಲಸ ಮಾಡಿತು. ಮೊಳೆ ದುಡ್ಡು ಬಿಟ್ಟರು, ಕ್ಲೀನಿಂಗ್ ಅರ್ಧ ಮಾಡಿದರು. ಪೇಂಟಿಂಗ್‌ನಲ್ಲಿ ಒಂದು ಪೈಸೆ ಜಗ್ಗಲಿಲ್ಲ. 80,000 ಬಂತು. ನಿಜ ಹೇಳಬೇಕೆಂದರೆ ಇಂಥ ಜಗಳ ನನಗೆ ಖುಷಿ ಕೊಡುತ್ತದೆ, ಇನ್ನೂ ಒಂದು ಗಂಟೆ ಎಳೆಯುತ್ತಿದ್ದೆ. ಇವಳೇ ‘ಬಿಡು ದೊಡ್ಡಮ್ಮ, ಟೆಂಪೋದವನು ವೇಟಿಂಗ್ ಚಾರ್ಜ್ ಕೇಳ್ತಾನೆ’ ಅಂತ ಕೈ ಹಿಡಿದು ಎಳೆದುಕೊಂಡು ಬಂದಳು.

ನನ್ನ ಫ್ರೆಂಡ್ಸ್ ಲಿಸ್ಟಿನಲ್ಲಿ ಮನೆ ಬಾಡಿಗೆಗೆ ಕೊಟ್ಟವರು ತುಂಬ ಜನ ಇದ್ದೀರಿ. ವಾದ ಮಾಡಿ, ಬೇಡ ಅನ್ನಲ್ಲ. ಮೊದಲು ಪೇಂಟರ್ ಕೊಟ್ಟ ಬಿಲ್ಲಿನ ಫೋಟೋ ಹಾಕಿ, ಆಮೇಲೆ ಮಾತಾಡೋಣ.