ಹೊಂಡ ತೋಡಿ ‘ಕೆರೆ ಕೊಟ್ಟೆವು’ ಅನ್ನುವವರಿಗೆ

ನಿನ್ನೆ ಸಂಜೆ ನಮ್ಮ ಕೌಂಟಿಯ ಸಾರ್ವಜನಿಕ ವಿಚಾರಣೆಗೆ ಹೋಗಿದ್ದೆ. ಇಲ್ಲಿ ಅಮೆರಿಕದ ಕೊಲರಾಡೋದಲ್ಲಿ, ಸೌತ್ ಪ್ಲಾಟ್ ನದಿಯ ಪಕ್ಕ ಇನ್ನೊಂದು ಜಲ್ಲಿ ಗಣಿಗೆ ಅನುಮತಿ ಕೇಳಿದ್ದಾರೆ. ಕಂಪನಿ ಕಡೆಯವರು ಚಂದದ ಚಿತ್ರ ತೋರಿಸಿದರು. ಗಣಿ ಮುಗಿದ ಮೇಲೆ ನೀಲಿ ಕೆರೆ, ಸುತ್ತ ಕಾಲುದಾರಿ, ಒಂದು ಬೆಂಚು, ಬೆಂಚಿನ ಮೇಲೆ ಅಜ್ಜ ಮೊಮ್ಮಗಳು. "ನಾವು ಒಂದು ಹನಿ ನೀರೂ ಬಳಸುವುದಿಲ್ಲ, ಊರಿಗೆ ಕೆರೆಯನ್ನೇ ಬಿಟ್ಟುಹೋಗುತ್ತೇವೆ" ಅಂದರು. ಚಪ್ಪಾಳೆ ಬೇರೆ ಬಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

ನೀರಿನ ವಿಷಯ ಬಂದರೆ ನಾನು ಹೇಗೆ ಅಂತ ನಿಮಗೆಲ್ಲ ಗೊತ್ತೇ ಇದೆ. ಬೇಜಾರಾಗುವವರು ಇಲ್ಲಿಂದಲೇ ಮುಂದೆ ಸ್ಕ್ರೋಲ್ ಮಾಡಿ, ಏನೂ ಅಂದುಕೊಳ್ಳಲ್ಲ.

ಎಂಥ ಕೆರೆ ಸ್ವಾಮಿ ಅದು? ನದಿ ಪಕ್ಕದ ಜಲ್ಲಿ ಪದರದಲ್ಲಿ ಕೆಲವು ಅಡಿ ತೋಡಿದರೆ ಸಾಕು, ಅಂತರ್ಜಲ ಸಿಗುತ್ತದೆ. ನೆಲದೊಳಗೆ ತಣ್ಣಗೆ ಇದ್ದ ಆ ನೀರಿನ ಮೇಲಿನ ಮಣ್ಣು, ಜಲ್ಲಿ ಎಲ್ಲ ಎತ್ತಿ ಮಾರಿ, ಅದನ್ನು ಬಿಸಿಲಿಗೆ ಒಡ್ಡಿ ಹೋಗುತ್ತಾರೆ. ಕೊಲರಾಡೋದ ಈ ಬಯಲಲ್ಲಿ ಗಾಳಿ ಎಷ್ಟು ಒಣ ಅಂದರೆ, ತೆರೆದ ನೀರಿನಿಂದ ವರ್ಷಕ್ಕೆ ಸುಮಾರು ಮೂರೂವರೆ ಅಡಿ ಆವಿಯಾಗುತ್ತದೆ. ಬೀಳುವ ಮಳೆ, ಹಿಮ ಕಳೆದರೂ ಎರಡೂವರೆ ಅಡಿ ಹತ್ತಿರ ನಷ್ಟವೇ. ಒಂದು ಎಕರೆ ಹೊಂಡಕ್ಕೆ ಅದು ಸುಮಾರು 30 ಲಕ್ಷ ಲೀಟರ್. ಪ್ರತಿ ವರ್ಷ. ಗಣಿ ಮುಚ್ಚಿ, ಲಾರಿಗಳು ಹೋಗಿ, ಕಂಪನಿಯ ಬೋರ್ಡು ಬಿದ್ದುಹೋದ ಮೇಲೂ.

ಒಂದು ಹನಿ ಬಳಸುವುದಿಲ್ಲವಂತೆ! ಜಲ್ಲಿ ತುಂಬಿದ ಲಾರಿ ಗಣಿಯ ಗೇಟಿನಿಂದ ಹೊರಗೆ ಬರುವುದನ್ನು ಸ್ವಲ್ಪ ನಿಂತು ನೋಡಿ. ಹಿಂಬಾಗಿಲ ಸಂದಿಯಿಂದ ನೀರು ತೊಟ್ಟಿಕ್ಕುತ್ತಾ, ಒಣ ರಸ್ತೆ ಮೇಲೆ ಒದ್ದೆ ಗೆರೆ ಎಳೆದುಕೊಂಡೇ ಹೋಗುತ್ತದೆ. ತೊಳೆದ ಜಲ್ಲಿಯ ತೂಕದಲ್ಲಿ 4% ನೀರೇ ಅಂತ ರಾಜ್ಯದ ಜಲ ಇಲಾಖೆ ಲೆಕ್ಕ ಹಿಡಿಯುತ್ತದೆ. ಟನ್ನಿಗೆ 40 ಲೀಟರ್. ಒಂದು ಲಕ್ಷ ಟನ್ ಮಾರಿದರೆ 40 ಲಕ್ಷ ಲೀಟರ್ ನೀರು ಲಾರಿ ಹತ್ತಿ ಹೋಯಿತು. ಧೂಳು ಏಳದಿರಲಿ ಅಂತ ದಾರಿಗೆ ಚಿಮುಕಿಸುವುದು ಇನ್ನೂ ಬೇರೆ.

ಹೋದ ನೀರು ಯಾರಪ್ಪನ ಮನೆಯದು? ಇಲ್ಲಿ ಮೊದಲು ಬಳಸಿದವರಿಗೆ ಮೊದಲ ಹಕ್ಕು. 1860ರ ದಶಕದಲ್ಲಿ ಕಾಲುವೆ ತೋಡಿದವರ ಹಕ್ಕು ಇವತ್ತಿಗೂ ಸಾಲಿನಲ್ಲಿ ಮುಂದಿದೆ. ನದಿಯ ನೀರು, ನೆಲದೊಳಗೇ ಹರಿದು ನದಿಗೆ ಸೇರುವ ಅಂತರ್ಜಲ ಎರಡನ್ನೂ 1969ರ ಕಾನೂನು ಒಂದೇ ಲೆಕ್ಕಕ್ಕೆ ತಂದಿತು. ಅಂತರ್ಜಲ ಕಾಣುವ ಜಲ್ಲಿ ಹೊಂಡವೂ ಬಾವಿಯೇ, ಅದಕ್ಕೂ ಪರ್ಮಿಟ್ ಬೇಕು ಅಂತ 1988ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಮರುವರ್ಷ ಹೊಸ ಕಾನೂನೂ ಬಂತು: ಆವಿಯಾಗಿ ಹೋದದ್ದನ್ನು ತುಂಬಿಕೊಡಬೇಕು. ಆದರೆ 1981ಕ್ಕೆ ಮೊದಲೇ ನೀರು ಕಂಡ ಹೊಂಡಗಳಿಗೆ ಮಾಫಿ. ಸೂರ್ಯನಿಗೆ ಈ ತಾರೀಖು ಯಾರು ತಿಳಿಸಿದರೋ ಗೊತ್ತಿಲ್ಲ.

ತುಂಬಿಕೊಡುವುದು ಅಂದರೆ ಹೊಂಡಕ್ಕೆ ಪೈಪ್ ಬಿಡುವುದು ಅಂತ ನಿನ್ನೆ ಪಕ್ಕದಲ್ಲಿ ಕೂತವರೊಬ್ಬರು ಅಂದುಕೊಂಡಿದ್ದರು. ಹಾಗಲ್ಲ. ನದಿಗೆ ಎಷ್ಟು ಕಡಿಮೆಯಾಯಿತೋ ಅಷ್ಟನ್ನು, ಕಡಿಮೆಯಾದ ಹೊತ್ತಿಗೇ, ಹಕ್ಕುದಾರರಿಗೆ ಸಿಗುವ ಜಾಗದಲ್ಲೇ ಬಿಡಬೇಕು. ತಲೆನೋವು ಇರುವುದು ಆ ಹೊತ್ತಿನಲ್ಲಿ. ಹೊಂಡ ನದಿಯಿಂದ ದೂರ ಇದ್ದಷ್ಟೂ ಅದರ ಪೆಟ್ಟು ನದಿಗೆ ತಡವಾಗಿ ತಟ್ಟುತ್ತದೆ. ಜುಲೈ ಬಿಸಿಲಲ್ಲಿ ಹೋದ ನೀರಿನ ಕೊರತೆ ಚಳಿಗಾಲದಲ್ಲೂ ಕಾಣಬಹುದು, ಎಷ್ಟೋ ಸಲ ವರ್ಷ ಕಳೆದ ಮೇಲೂ. ನದಿ ತುಂಬಿ ಹರಿಯುವಾಗ ನಾಲ್ಕು ಬಿಂದಿಗೆ ಸುರಿದು ಲೆಕ್ಕ ಚುಕ್ತಾ ಅಂದರೆ ನಡೆಯಲ್ಲ.

ಇನ್ನು ಕೊಡುವ ನೀರಾದರೂ ಎಲ್ಲಿಂದ ಬರಬೇಕು? ಆಕಾಶದಿಂದಂತೂ ಅಲ್ಲ. ಯಾವುದೋ ರೈತನ ಹಳೇ ಕಾಲುವೆಯ ಷೇರು, ಅಂದರೆ ಆ ನೀರಿನಲ್ಲಿ ಅವನ ಪಾಲು, ಕೊಳ್ಳುತ್ತಾರೆ, ಇಲ್ಲ ಯಾವುದೋ ನಗರದಿಂದ ಬಾಡಿಗೆಗೆ ಪಡೆಯುತ್ತಾರೆ. ರೈತನ ಷೇರು ಹೋಯಿತು ಅಂದರೆ ಆ ಹೊಲ ಒಣಗಿತು ಅಂತಲೇ. ಬೆಂಚಿನ ಮೇಲಿನ ಅಜ್ಜನ ಚಿತ್ರದಲ್ಲಿ ಆ ಹೊಲ ಎಲ್ಲೂ ಇರಲಿಲ್ಲ.

ಜಲ್ಲಿ ಇಲ್ಲದೆ ನಿನ್ನ ಮನೆ ಎದ್ದಿತಾ, ನೀನು ಓಡಾಡುವ ರಸ್ತೆ ಬಂತಾ ಅಂತ ಕೇಳುವವರು ಕಾಮೆಂಟಿನಲ್ಲಿ ಈಗಲೇ ಸಾಲುಗಟ್ಟಿರುತ್ತೀರಿ. ಇಲ್ಲಪ್ಪ, ಬರಲಿಲ್ಲ. ತೆಗೆಯಬೇಡಿ ಅಂತ ಯಾರು ಹೇಳಿದರು? ಜಲ್ಲಿಯ ಬೆಲೆಯಲ್ಲಿ ನೀರಿನ ಬೆಲೆಯೂ ಸೇರಲಿ ಅಂತಷ್ಟೇ. "ಮೊದಲು ಅಲ್ಲಿದ್ದ ಹುಲ್ಲು, ಮರ ನೀರು ಕುಡಿಯುತ್ತಿರಲಿಲ್ವಾ" ಅಂತ ಇನ್ನೊಬ್ಬರು ಜಾಣತನ ತೋರಿಸಿದರು. ಕುಡಿಯುತ್ತಿದ್ದವು ಸ್ವಾಮಿ. ಅದಕ್ಕೇ ಅವುಗಳ ಪಾಲನ್ನು ಕಳೆದು ಉಳಿದದ್ದನ್ನು ಕೊಡಿ ಅಂತ ಕಾನೂನೇ ಹೇಳುತ್ತದೆ. ಅಷ್ಟನ್ನೂ ಕೊಡಲು ಸಂಕಟ.

ಒಂದು ಮಾತು ಮುಚ್ಚಿಡುವುದಿಲ್ಲ. ಬ್ರೈಟನ್ ಕಡೆಯ ಹಳೇ ಹೊಂಡಗಳ ಪಕ್ಕ ನಡೆಯುವುದು ಅಂದರೆ ನನಗೆ ಪ್ರಾಣ. ಬೇಸಿಗೆಯಲ್ಲಿ ಬಿಳಿ ಹೆಜ್ಜಾರ್ಲೆಗಳ ಹಿಂಡು ಇಳಿದಾಗ ಮನೆ, ಅಡುಗೆ ಎಲ್ಲ ಮರೆತು ನಿಂತುಬಿಡುತ್ತೇನೆ. ಹಾಗಂತ, ಹಕ್ಕಿ ಬಂದು ಕೂತಿತು ಅಂತ ಸಾಲ ಮನ್ನಾ ಆಗುತ್ತಾ?

ದಾರಿಯೇ ಇಲ್ಲ ಅಂತೇನಿಲ್ಲ. ಹೊಂಡದ ಸುತ್ತ ಕೆಳಗಿನ ಗಟ್ಟಿ ಪದರದವರೆಗೆ ಬೆಂಟೊನೈಟ್ ಜೇಡಿ ಬೆರೆಸಿದ ಗೋಡೆ ಇಳಿಸಿದರೆ ಅಂತರ್ಜಲ ಒಳಗೆ ಬರುವುದಿಲ್ಲ. ಅಂಥ ಹೊಂಡಗಳನ್ನು ಇಲ್ಲಿನ ನಗರಗಳು ನೀರು ಕೂಡಿಡುವುದಕ್ಕೆ ಬಳಸುತ್ತಿವೆ. ಇಲ್ಲವೇ ಮಣ್ಣು ತುಂಬಿ ಮುಚ್ಚಬಹುದು. ಎರಡಕ್ಕೂ ದುಡ್ಡು ಬೇಕು, ಅದಕ್ಕೇ ಕೆರೆ ಕೊಡುವ ಔದಾರ್ಯ. ಗಣಿ ನಡೆಯುವಷ್ಟು ಕಾಲ ತಾತ್ಕಾಲಿಕ ಅನುಮತಿ ಪಡೆದು, ಬಾಡಿಗೆ ನೀರಿನಲ್ಲಿ ದಿನ ದೂಡಬಹುದು. ಆಮೇಲಿನ ಶಾಶ್ವತ ಯೋಜನೆಗೆ ನೀರಿನ ಹಕ್ಕುಗಳನ್ನೇ ತೀರ್ಮಾನಿಸುವ ನೀರಿನ ಕೋರ್ಟಿಗೆ ಹೋಗಬೇಕು. ಅದರ ಬಗ್ಗೆ ಕೇಳಿದರೆ "ಮುಂದೆ ನೋಡೋಣ" ಅಂದರು. ನಿನ್ನೆಯ ಸಭೆಯಲ್ಲಿ ಅವರು ಆಡಿದ ಒಂದೇ ಪ್ರಾಮಾಣಿಕ ಮಾತು ಅದು.

ಲಿಖಿತ ಅಭಿಪ್ರಾಯಕ್ಕೆ ಇನ್ನೂ ಸಮಯ ಇದೆ. ನಾನು ಬರೆದದ್ದು ಇಷ್ಟೇ: ಗೋಡೆ ಕಟ್ಟುತ್ತೀರೋ, ಮುಚ್ಚುತ್ತೀರೋ, ಶಾಶ್ವತವಾಗಿ ನೀರು ಕೊಡುತ್ತೀರೋ, ಮೊದಲ ಲಾರಿ ಹೊರಡುವ ಮುಂಚೆ ಹೇಳಿ, ಅದಕ್ಕೆ ಬೇಕಾದ ಹಣವನ್ನು ಈಗಲೇ ಠೇವಣಿ ಇಡಿ. ಇದೇ ಕೌಂಟಿಯಲ್ಲಿರುವ ಸ್ನೇಹಿತರು ಬೇಕಾದರೆ ಇದನ್ನೇ ನಕಲು ಮಾಡಿ ಕಳಿಸಿ, ನನ್ನ ಹೆಸರು ತೆಗೆಯುವುದು ಮರೆಯಬೇಡಿ ಅಷ್ಟೆ.